ಮಾವ ಇರುವಾಗಲೇ ತಲೆ ಬೋಳಿಸಿದ್ದು

ಸ್ಪರ್ಧೆಗೆ ಈಜುವವರ ಕಾಲಲ್ಲಿ ಕೂದಲು ಇರುವುದಿಲ್ಲ ಎಂಬುದು ನಮ್ಮ ಮನೆಯವರಿಗೆ ಗೊತ್ತಾದದ್ದು ಬಚ್ಚಲಿನ ನೀರು ಹೋಗದೆ ನಿಂತ ದಿನ. ಅಮ್ಮ ಕಡ್ಡಿ ಹಾಕಿ ಎಳೆದಾಗ ಬಂದದ್ದು ಗಿಡ್ಡ ಕೂದಲಿನ ಒಂದು ಉಂಡೆ. ಎಂತ ಇದು ಎಂದು ಕೇಳಿದಳು. ಕಾಲಿನದ್ದು ಎಂದೆ. ನನ್ನ ಕಾಲು ನೋಡಿದಳು, ಒಳಗೆ ಹೋಗಿ ಮಸ್ಕತ್ತಿನಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಬೇರೆ ಹುಡುಗರೂ ಮಾಡುತ್ತಾರಾ? ಮಾಡುತ್ತಾರೆ ಎಂದ ಮೇಲೆ ಅವರಿಗೆ ಸಮಾಧಾನವಾಯಿತು. ಅಮ್ಮನಿಗೆ ಆಗಲಿಲ್ಲ. ಕಾಲಿನ ನಂತರ ಕೈ, ಕೈಯ ನಂತರ ಎದೆ ಎಂದು ನಾನು ಮುಂದುವರಿದಾಗ, ಇವನು ಕೋಳಿಯಾ ಎಂತ, ಪುಕ್ಕ ತೆಗೆಯಲಿಕ್ಕೆ ಎಂದು ಗೊಣಗಿದಳು, ಅಷ್ಟೆ.

ಈಜು ಎಂದರೆ ತೋಳಿನ ಬಲ ಎಂದು ಹೊರಗಿನವರು ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದು ಒಂದು ವರ್ಷ ಸುಮ್ಮನೆ ನೀರು ಬಡಿದೆ. ಬಲ ಇದ್ದರೆ ಒಳ್ಳೆಯದೇ. ಆದರೆ ನೀವು ವೇಗ ಹೆಚ್ಚಿಸಿದ ಹಾಗೆಲ್ಲ ನೀರು ಅದಕ್ಕಿಂತ ಹೆಚ್ಚಾಗಿ ಹಿಡಿದು ಎಳೆಯುತ್ತದೆ. ಹಾಗಾಗಿ ಕೆಲಸವೆಲ್ಲ ಇರುವುದು ನೀರಿನ ಎದುರು ಮೈಯನ್ನು ಸಣ್ಣದು ಮಾಡುವುದರಲ್ಲಿ. ಗೋಡೆಗೆ ಕಾಲು ಒತ್ತಿ ಹೊರಟಾಗ ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ, ಕಿವಿಗೆ ಒತ್ತಿದ ತೋಳು, ಒಳಗೆಳೆದ ಹೊಟ್ಟೆ, ಹಿಂದಕ್ಕೆ ಚಾಚಿದ ಕಾಲ್ಬೆರಳು. ಮೇಲಿನ ಅಲೆಯ ಗಲಾಟೆ ತಾಗದಷ್ಟು ಕೆಳಗೆ ಹೀಗೇ ಸ್ವಲ್ಪ ದೂರ ಜಾರಬೇಕು. ಮೇಲೆ ಬಂದ ಮೇಲೆ ಕಣ್ಣು ಕೊಳದ ತಳದ ಗೆರೆಯ ಮೇಲೆ. ಉಸಿರಿಗೆ ತಿರುಗಿದರೂ ಈಜುವ ಕನ್ನಡಕದ ಒಂದು ಗಾಜು ನೀರಲ್ಲೇ ಇರಬೇಕು. ಮುಂದೆ ಯಾರಿದ್ದಾರೆ ಎಂದು ತಲೆ ಎತ್ತಿ ನೋಡಿದಿರೋ, ಸೊಂಟ ಇಳಿಯಿತು, ಮತ್ತೆ ಒದ್ದೆ ಗೋಣಿಯೊಂದನ್ನು ಎಳೆದುಕೊಂಡು ಹೋದ ಹಾಗೆ. ನಮ್ಮ ಕೋಚ್ ಕೊಳದ ಅಂಚಿನಲ್ಲಿ ನಡೆಯುತ್ತಾ ನೋಡುತ್ತಿದ್ದದ್ದು ನನ್ನ ಕೈಯನ್ನಲ್ಲ, ನೆತ್ತಿಯನ್ನು. ತಲೆ, ತಲೆ ಎಂದು ಕೂಗುವುದು ನೀರೊಳಗೂ ಕೇಳುತ್ತಿತ್ತು.

ಆ ತಲೆಯೇ ನನ್ನ ತೊಂದರೆ. ಅಮ್ಮನ ಕಡೆಯವರ ಕೂದಲು ನನಗೆ ಬಂದಿದೆ: ದಪ್ಪ, ಗುಂಗುರು. ಅದರ ಮೇಲೆ ಈಜುವ ಟೋಪಿ ಎಳೆದರೆ ಅಲ್ಲಲ್ಲಿ ಸುಕ್ಕು ನಿಲ್ಲುತ್ತದೆ. ಸಾಲದ್ದಕ್ಕೆ ಚಿಕ್ಕಂದಿನಿಂದ ಅಮ್ಮ ಹಚ್ಚಿದ ತೆಂಗಿನೆಣ್ಣೆ ಎಷ್ಟು ತೊಳೆದರೂ ಪೂರ್ತಿ ಹೋಗದು, ಟೋಪಿ ಜಾರುತ್ತದೆ. ಡಿಗ್ರಿಯ ಕೊನೆಯ ವರ್ಷ, ಅಂತರ ವಿಶ್ವವಿದ್ಯಾಲಯ ಕೂಟದ ಆಯ್ಕೆಗೆ ಈಜಿದಾಗ ನೀರಿಗೆ ಹಾರಿದ ಕೂಡಲೇ ಟೋಪಿಯೊಳಗೆ ನೀರು ನುಗ್ಗಿ ಉಬ್ಬಿತು. ನೂರು ಮೀಟರ್‌ನಲ್ಲಿ ಬೇಕಾದ ಸಮಯಕ್ಕಿಂತ ಕಣ್ಣು ಮಿಟುಕಿಸುವಷ್ಟು ತಡವಾಗಿ ಗೋಡೆ ಮುಟ್ಟಿದೆ. ಇನ್ನೊಂದು ಆಯ್ಕೆ ಬಾಕಿ ಇತ್ತು. ಅದೂ ತಪ್ಪಿದರೆ ಮುಗಿಯಿತು. ಕಾಲೇಜು ಬಿಟ್ಟವನನ್ನು ಯಾವ ತಂಡವೂ ಕರೆದುಕೊಂಡು ಹೋಗುವುದಿಲ್ಲ. ಕೋಚ್ ತಲೆ ಬೋಳಿಸಿಕೊಂಡು ಬಾ ಎಂದರು. ತಂಡದ ಹುಡುಗರೆಲ್ಲ ದೊಡ್ಡ ಸ್ಪರ್ಧೆಗೆ ಮುಂಚೆ ಬೋಳಿಸುವವರೇ, ಅವರಿಗೆ ಅದೊಂದು ಸಂಭ್ರಮ.

ನಮ್ಮ ಮನೆಯಲ್ಲಿ ಆಗ ಮಾವ ಇದ್ದರು. ಅಮ್ಮನ ಅಣ್ಣ, ತುಳುವಿನಲ್ಲಿ ನಮಗೆ ತಮ್ಮಲೆ. ಮುಂಬಯಿಯಲ್ಲಿ ಹೋಟೆಲ್ ನಡೆಸಿ, ಮದುವೆಯಾಗದೆ, ಕಾಯಿಲೆ ಗೊತ್ತಾದ ಮೇಲೆ ಹೋಟೆಲ್ ಬೇರೆಯವರಿಗೆ ಬಿಟ್ಟುಕೊಟ್ಟು ಮಣ್ಣಗುಡ್ಡದ ನಮ್ಮ ಮನೆಗೆ ಬಂದಿದ್ದರು. ಕ್ಯಾನ್ಸರಿನ ಔಷಧಕ್ಕೆ ಅವರ ಕೂದಲು, ಹುಬ್ಬು ಎಲ್ಲ ಉದುರಿತ್ತು. ಅಪ್ಪ ಊರಲ್ಲಿಲ್ಲದ ಮನೆಗೆ ಅವರೇ ಯಜಮಾನರು. ಅಪ್ಪ ಇದ್ದಿದ್ದರೂ ಅವರೇ. ನಮ್ಮದು ಅಳಿಯ ಸಂತಾನ, ಮನೆತನ ತಾಯಿಯ ಕಡೆಯಿಂದ ಬರುವುದು. ಮಾವ ಹೋದರೆ ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ತಲೆ ಮೀಸೆ ತೆಗೆಸಿಕೊಂಡು ಮುಂದೆ ಕೂರಬೇಕಾದವನು ಅಳಿಯ, ತಂಗಿಯ ಮಗ. ಅವರಿಗೆ ಅಳಿಯ ಎಂದು ಇದ್ದದ್ದು ನಾನೊಬ್ಬನೇ.

ಹಾಗಾಗಿ ಅಮ್ಮನ ಹತ್ತಿರ ವಿಷಯ ತೆಗೆದಾಗ ಅವಳು ಮೀನು ಹೆಚ್ಚುತ್ತಿದ್ದ ಕೈ ನಿಲ್ಲಿಸಿದಳು. ಚಾವಡಿಯಲ್ಲಿ ಮಲಗಿದ್ದವರಿಗೆ ಕೇಳಬಾರದೆಂದು ಧ್ವನಿ ತಗ್ಗಿಸಿದಳು.

"ಅಣ್ಣನ ಜೀವ ಇರುವವರೆಗೆ ನಿನ್ನ ತಲೆಗೆ ಕತ್ತಿ ತಾಗಕೂಡದು. ನೀನು ಗೆದ್ದರೂ ಬೇಡ, ಸೋತರೂ ಬೇಡ."

ಗಿಡ್ಡ ಕತ್ತರಿಸಿದರೆ ಸಾಲದಾ ಎಂದೂ ಕೇಳಿದಳು. ಸಾಲುತ್ತಿತ್ತೋ ಏನೋ, ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ನನಗೆ ಬೇಕಾದದ್ದು ಇಷ್ಟೇ: ಈ ಸಲವೂ ತಪ್ಪಿದರೆ ದೂರಲಿಕ್ಕೆ ಕೂದಲು ಎಂಬುದೊಂದು ತಲೆಯಲ್ಲಿ ಉಳಿಯಬಾರದು. ಸಿಟ್ಟು ಬಂತು. ಕೂದಲು ತೆಗೆದರೆ ಮನುಷ್ಯ ಸಾಯುವುದಾದರೆ ಊರಿನ ಸೆಲೂನಿನವರನ್ನೆಲ್ಲ ಜೈಲಿಗೆ ಹಾಕಬೇಕು ಎಂದೆ. ಅಂದಿನಿಂದ ಅಮ್ಮ ನನ್ನ ಹತ್ತಿರ ಮಾತು ಬಿಟ್ಟಳು. ಊಟದ ಹೊತ್ತಿಗೆ ಬಂಗುಡೆ ಮೀನು ಬಟ್ಟಲಿಗೆ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ತೊಕ್ಕೊಟ್ಟಿನಿಂದ ಬರುತ್ತಿದ್ದ ತಂಡದ ಗೆಳೆಯನೊಬ್ಬ, ನಮ್ಮ ಮನೆಗೆ ಬಾ ಮಾರಾಯ, ನಾನೇ ತೆಗೆದು ಬಿಡ್ತೇನೆ ಎಂದ. ತೆಗೆದ ಮೇಲೆ ತಲೆಯನ್ನು ಎಲ್ಲಿ ಬಚ್ಚಿಡುವುದು?

ತಗ್ಗಿಸಿದ ಧ್ವನಿಯೇ ಮನೆಯಲ್ಲಿ ಮೊದಲು ಕೇಳುವುದು. ಆಯ್ಕೆಗೆ ಮುಂಚಿನ ದಿನ ಬೆಳಿಗ್ಗೆ ಮಾವ ನನ್ನನ್ನು ಕರೆದು, ತಲೆಯದ್ದು ಎಂತ ತಕರಾರು ಎಂದು ಕೇಳಿದರು. ಕಾಯಿಲೆಯ ಮಾತು, ಸಾವಿನ ಮಾತು ಬಿಟ್ಟು ನಾನು ಬರೀ ನೀರಿನ ಮಾತು ಹೇಳಿದೆ. ಚಾವಡಿಯ ನೆಲದ ಮೇಲೆ ಬೋರಲು ಮಲಗಿ ಕೈ ಚಾಚಿ, ತಲೆ ಎತ್ತಿದರೆ ಏನಾಗುತ್ತದೆ, ತಗ್ಗಿಸಿದರೆ ಏನಾಗುತ್ತದೆ ಎಂದು ತೋರಿಸಿದೆ. ಹೋಟೆಲಿನವರಲ್ಲವೇ, ಅವರು ಎಲ್ಲದಕ್ಕೂ ಲಾಭವೆಷ್ಟು ಎಂದು ಕೇಳುವವರು. ಕೂದಲು ತೆಗೆದರೆ ಎಷ್ಟು ಉಳಿಯುತ್ತದೆ ಎಂದರು. ಎಷ್ಟು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆದರೆ ಬೋಳಿಸಿದ ಚರ್ಮಕ್ಕೆ ನೀರು ಬೇರೆಯೇ ಗೊತ್ತಾಗುತ್ತದೆ ಎಂದೆ. ಅವರು ಮಫ್ಲರ್ ಸರಿಸಿ ತಮ್ಮ ತಲೆಯ ಮೇಲೆ ಕೈಯಾಡಿಸಿಕೊಂಡರು. ಅದು ಹೌದು, ತನಗೆ ಈಗ ಫ್ಯಾನಿನ ಗಾಳಿ ಯಾವ ಕಡೆಯಿಂದ ಬರುತ್ತದೆಂದು ನೆತ್ತಿಯಲ್ಲೇ ತಿಳಿಯುತ್ತದೆ ಎಂದರು. ಆಮೇಲೆ ಅಮ್ಮನನ್ನು ಕರೆದು ತಮ್ಮ ಶೇವಿಂಗ್ ಸೆಟ್ ತರಲು ಹೇಳಿದರು.

ಅವರ ಮುಖದಲ್ಲಿ ಬೋಳಿಸಲಿಕ್ಕೆ ಏನೂ ಇರಲಿಲ್ಲ. ಅಮ್ಮನಿಗೆ ಅರ್ಥವಾಯಿತು. ಅವಳು ಬಾಗಿಲಲ್ಲೇ ನಿಂತಳು, ಹೋಗಲೂ ಇಲ್ಲ, ಬರಲೂ ಇಲ್ಲ.

"ನನಗೆಂದು ಬೋಳಿಸುವುದೇ ಆದರೆ ನಾನು ನೋಡುವಾಗಲೇ ಬೋಳಿಸಲಿ," ಎಂದರು ಮಾವ. "ಸತ್ತ ಮೇಲೆ ನನಗೆ ಕಾಣುತ್ತದಾ?"

ಅಮ್ಮ ಅತ್ತಳು. ಅತ್ತುಕೊಂಡೇ ಸೆಟ್ ತಂದಳು, ಬಿಸಿನೀರೂ ತಂದಳು.

ಜಗಲಿಯಲ್ಲಿ ಮಣೆ ಹಾಕಿ ಕೂತೆ. ಮಾವ ಕುರ್ಚಿಯಲ್ಲಿ, ನಾನು ಅವರ ಮೊಣಕಾಲಿನ ನಡುವೆ. ಮೊದಲು ಕತ್ತರಿ, ಆಮೇಲೆ ಸೋಪು, ಆಮೇಲೆ ಬ್ಲೇಡು. ಕಿವಿಯ ಹಿಂದೆ ಒಂದು ಕಡೆ ಗಾಯವಾಯಿತು. ನಡುನಡುವೆ ಸುಸ್ತಾಗಿ ನಿಲ್ಲಿಸುತ್ತಿದ್ದರು. ಆಗ ಎಡಗೈ ನನ್ನ ತಲೆಯ ಮೇಲೆಯೇ ಇರುತ್ತಿತ್ತು, ಆ ಸೆಕೆಯಲ್ಲೂ ತಣ್ಣಗೆ. ಅದುವರೆಗೆ ನನಗೆ ಮಾವನ ಕಾಯಿಲೆ ಎಂದರೆ ಮನೆಯಲ್ಲಿ ಟಿವಿ ಸಣ್ಣಗೆ ಇಡಬೇಕು ಎಂಬುದಷ್ಟೇ ಆಗಿತ್ತು. ಆ ಕೈ ತಾಗಿದಾಗ ಇವರು ಹೋಗುತ್ತಾರೆ ಎಂದು ಮೊದಲ ಸಲ ಗೊತ್ತಾಯಿತು, ಮತ್ತು ತುಂಬ ದುಃಖವಾಯಿತು. ಬಗ್ಗಿಸಿದ ತಲೆಯಾದ್ದರಿಂದ ಯಾರಿಗೂ ಕಾಣಲಿಲ್ಲ.

ಬೋಳಿಸಿದ ಕೂಡಲೇ ಸ್ನಾನಕ್ಕೆ ಹೋಗುವುದು ಸಾವಿನ ಮನೆಯ ಕ್ರಮ ಎಂದು ಅಮ್ಮ ನನ್ನನ್ನು ತಡೆದಳು. ಮೊದಲು ಬೆಲ್ಲ ಹಾಕಿದ ಅವಲಕ್ಕಿ ತಿನ್ನಿಸಿದಳು, ಆಮೇಲೆ ಬಚ್ಚಲಿಗೆ ಬಿಟ್ಟಳು. ಇಂಥ ಕ್ರಮ ಎಲ್ಲೂ ಇಲ್ಲ, ಅವಳೇ ಆ ಗಳಿಗೆಯಲ್ಲಿ ಮಾಡಿದ್ದು. ಮೈಯೆಲ್ಲ ಕೂದಲು ಚುಚ್ಚುತ್ತಾ ನಾನು ಅವಲಕ್ಕಿ ತಿಂದೆ.

ಸಂಜೆ ಎದುರಿನ ಮನೆಯ ಆಂಟಿ ನನ್ನನ್ನು ಗೇಟಿನ ಹತ್ತಿರ ಕಂಡು, ಮುಖ ಸಣ್ಣ ಮಾಡಿಕೊಂಡು, ಸೆರಗು ಹೊದ್ದು ಬಂದರು. ಯಾವಾಗ ಆದದ್ದು, ನಮಗೆ ಒಂದು ಮಾತು ತಿಳಿಸಲಿಲ್ಲವಲ್ಲ ಎಂದು ಶುರುಮಾಡುವಾಗ ಜಗಲಿಯಲ್ಲಿ ಕೂತಿದ್ದ ಮಾವ, ಬನ್ನಿ, ಚಾ ಕುಡಿದು ಹೋಗಿ ಎಂದರು. ಆಂಟಿ ಬಾಯಿ ಮುಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಮಾವ ಆ ದಿನ ನಕ್ಕಷ್ಟು ಆಮೇಲೆ ನಗಲಿಲ್ಲ. ಅಮ್ಮನೂ ಅಡುಗೆಮನೆಯಲ್ಲಿ ನಕ್ಕಳು, ನನ್ನ ಹತ್ತಿರ ಮಾತೂ ಆಡಿದಳು.

ಮಾರನೆಯ ದಿನ ಟೋಪಿ ಚರ್ಮದ ಹಾಗೆ ಕೂತಿತು. ಸ್ಪರ್ಧೆಗೆ ಮೊದಲು ಮೈ ಬೆಚ್ಚಗಾಗಲಿ ಎಂದು ಸುಮ್ಮನೆ ಈಜುತ್ತೇವಲ್ಲ, ಆಗ ಟೋಪಿ ಹಾಕದೆ ಗೋಡೆ ಒದ್ದು ಹೊರಟೆ. ನೀರು ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಬೆನ್ನಿಗೆ ಎಲ್ಲೂ ನಿಲ್ಲದೆ ಹೋದದ್ದು ಗೊತ್ತಾಯಿತು. ಬೇಕಾದ ಸಮಯದೊಳಗೆ ಮುಟ್ಟಿದೆ, ಆಯ್ಕೆಯೂ ಆಯಿತು. ಅದು ಬೋಳು ತಲೆಯಿಂದಲೇ ಆದದ್ದು ಎಂದು ನಾನು ಹೇಳುವುದಿಲ್ಲ. ಕೋಚ್ ಹೇಳಿದ್ದು ಆ ದಿನ ನಾನು ಒಮ್ಮೆಯೂ ತಲೆ ಎತ್ತಲಿಲ್ಲ ಎಂದು. ಮನೆಗೆ ಬಂದು ಹೇಳಿದಾಗ ಮಾವ ಸಮಯ ಕೇಳಲಿಲ್ಲ, ನೀರು ಹೇಗಿತ್ತು ಎಂದು ಕೇಳಿದರು. ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು.

ಕೂಟಕ್ಕೆ ಹೊರಡುವ ಹೊತ್ತಿಗೆ ಮಾವ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ತಲೆಯಲ್ಲಿ ಮತ್ತೆ ಕೂದಲು ಬಂದಿತ್ತು, ಬ್ಲೇಡು ಹಿಡಿಯುವ ಶಕ್ತಿ ಅವರಿಗಿರಲಿಲ್ಲ. ಸೆಲೂನಿಗೆ ಹೋಗಿ ಬಾ ಎಂದು ಅಮ್ಮನೇ ಹೇಳಿದಳು. ಈ ಸಲ ಕೋಚ್ ಮೀಸೆಯನ್ನೂ ತೆಗೆಯಲು ಹೇಳಿದ್ದರು. ಇಡೀ ತಂಡದಲ್ಲಿ ಮೀಸೆ ಇದ್ದದ್ದು ನನಗೊಬ್ಬನಿಗೇ. ಅದರಿಂದ ಎಷ್ಟು ವ್ಯತ್ಯಾಸವಾಗುತ್ತಿತ್ತೋ ದೇವರಿಗೇ ಗೊತ್ತು, ಅವರಿಗದು ಹಠ. ಹೋಗುವ ಮೊದಲು ಮಾವನ ಹತ್ತಿರ ಕೂತು ಹೇಳಿದೆ, ಮಾವ, ತಲೆ ತೆಗೆಸಿ ಬರ್ತೇನೆ, ಮೀಸೆಯನ್ನೂ ತೆಗೆಯಬೇಕಂತೆ. ಅವರಿಗೆ ಮಾತು ಹೊರಡಲು ಕಷ್ಟವಾಗುತ್ತಿತ್ತು.

"ಮೀಸೆ ಇರಲಿ," ಎಂದರು. "ಅದೊಂದು ನನಗೆ ಬಿಡು, ಬೊಜ್ಜಕ್ಕೆ."

ಮೀಸೆ ಇಟ್ಟುಕೊಂಡೇ ಹೋದೆ. ಕೊಳದ ಹತ್ತಿರ ನನ್ನನ್ನು ನೋಡಿ ಕೋಚಿಗೆ ಸಿಟ್ಟು ಬಂತು, ಇಷ್ಟು ಹೇಳಿದರೂ ಯಾಕೆ ತೆಗೆಯಲಿಲ್ಲ ಎಂದು ಎಲ್ಲರೆದುರು ಕೇಳಿದರು. ಮನೆಯಲ್ಲಿ ಬೇಕಾಗುತ್ತದೆ ಎಂದೆ.