ರಾಜಮಾಳ ಹೆಪ್ಪು

ನರಗುಂದದ ಗುಡ್ಡದ ಕೆಳಗಿನ ನಮ್ಮ ಓಣಿಯಲ್ಲಿ ರಾಜಮಾ ಮೊಸರು ಮಾರುತ್ತಿದ್ದಳು. ಗಡಿಗೆಯನ್ನು ಬೋರಲು ಹಾಕಿದರೂ ಜಾರದಂಥ ಮೊಸರು. ಹೆಪ್ಪು ತವರೂರಾದ ಅಸೂಟಿಯದು, ತಾಯಿ ಕಟ್ಟಿಕೊಟ್ಟದ್ದು. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದೇ ಅದರಿಂದ.

ಕೇಳಿದವರಿಗೆಲ್ಲ ಬಟ್ಟಲಲ್ಲಿ ಹೆಪ್ಪು ಕೊಡುತ್ತಿದ್ದಳು. ಬಟ್ಟಲನ್ನು ಬರಿದಾಗಿ ಮರಳಿಸಬಾರದೆಂದು ಅವರು ತಮ್ಮ ಮೊಸರನ್ನು ಒಂದಿಷ್ಟು ಹಾಕಿ ತರುತ್ತಿದ್ದರು. ಅವಳು ಅದನ್ನೂ ತನ್ನ ಗಡಿಗೆಗೆ ಬೆರೆಸುತ್ತಿದ್ದಳು.

“ಓಣಿ ತುಂಬ ನನ್ನ ಮೊಮ್ಮಕ್ಕಳದಾವ್ರಿ ಮಾಸ್ತರ,” ಎಂದು ನನಗೆ ಹೇಳಿ ನಗುತ್ತಿದ್ದಳು.

೨೦೦೬ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಾಲು ಹಾಲಾಗಿಯೇ ಉಳಿಯಿತು.

“ನಿನ್ನ ಎಮ್ಮಿ ಮುನಿಸ್ಕೊಂಡಾವ ತಗಿ,” ಎಂದು ನೆರೆಮನೆಯ ಸಿದ್ದವ್ವ ನಗೆಯಾಡಿ ತನ್ನ ಹೆಪ್ಪು ಕೊಟ್ಟಳು. ಅದರಿಂದಲೂ ಮೊಸರಾಗಲಿಲ್ಲ. ವಾರದೊಳಗೆ ಸಿದ್ದವ್ವನ ಗಡಿಗೆಯೂ ಕೆಟ್ಟಿತು. ಆಮೇಲೆ ಪರಶಪ್ಪನ ಮನೆಯದು. ಯಾರೂ ನಗೆಯಾಡಲಿಲ್ಲ.

ಧಾರವಾಡದಲ್ಲಿ ಸೂಕ್ಷ್ಮಜೀವಿಗಳ ವಿಷಯ ಓದುತ್ತಿದ್ದ ನನ್ನ ಮೊಮ್ಮಗಳು ಪೂಜಾ ರಜೆಗೆ ಬಂದಿದ್ದಳು. ಹೆಪ್ಪಿನ ಜೀವಾಣು ತನ್ನ ಡಿಎನ್‌ಎಗೆ ಅಲ್ಲಲ್ಲಿ ಮೀಥೈಲ್ ಎಂಬ ರಾಸಾಯನಿಕ ಗುರುತು ಅಂಟಿಸಿಕೊಂಡಿರುತ್ತದೆ, ತನ್ನನ್ನು ಕೊಂದು ಹಾಲು ಮೊಸರಾಗದಂತೆ ಮಾಡುವ ವೈರಸ್ಸಿನ ಗುರುತಿಲ್ಲದ ಡಿಎನ್‌ಎ ಒಳಹೊಕ್ಕರೆ ಕತ್ತರಿಸಿಹಾಕುತ್ತದೆ, ಎಂದು ರಾಜಮಾಳಿಗೆ ತಿಳಿಸಿದಳು.

“ಆದ್ರ ಎಲ್ಲೋ ಒಂದು ತಪ್ಪಿಸ್ಕೊಂಡ್ರ, ಅದರ ಮರಿಗೂ ಅದಽ ಗುರ್ತು ಬೀಳ್ತದ್ರಿ ಅತ್ತಿ. ಆಮ್ಯಾಲೆ ಅದಽ ಹೆಪ್ಪಿದ್ದ ಯಾವ ಮನ್ಯಾಗೂ ಅದನ್ನ ತಡಿಯಾವ್ರಿಲ್ಲ.”

ರಾಜಮಾ ತನ್ನ ಗಡಿಗೆಯತ್ತ ನೋಡಿದಳು. “ಅಂದ್ರ ನಮ್ಮವ್ವನ ಗುರ್ತು ಹಾಕ್ಕೊಂಡು, ಬಟ್ಟಲದಾಗ ಕುಂತು ಬಂತೇನವಾ?”

“ಹೌದ್ರಿ. ಹೊಸಾ ಗಡಿಗಿ, ಕೆಡದ ಹೆಪ್ಪು ತರ್ರಿ. ಓಣ್ಯಾಗಿನ ಮೊಸರು ಅದರ ಸನೇಕ ಬರಬಾರ್ದು. ಒಂದು ಹನಿ ಸಾಕು.”

ಅಸೂಟಿಯಲ್ಲಿದ್ದ ರಾಜಮಾಳ ತಂಗಿಯ ಮನೆಯಲ್ಲಿ ಮಾತ್ರ ತಾಯಿಯ ಹೆಪ್ಪು ಚೆನ್ನಾಗಿ ಉಳಿದಿತ್ತು. ಆದರೆ ಆ ತಂಗಿ ಎಮ್ಮೆ ಮಾರಿಬಿಟ್ಟಿದ್ದಳು. ಉಳಿದದ್ದು ಒಂದೇ ಬಟ್ಟಲು. ರಾಜಮಾ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಹೊಸ ಗಡಿಗೆಯ ಹಾಲಿಗೆ ಪೂರ್ತಿ ಹಾಕಿದಳು.

ಆ ಸಂಜೆ ನಾನು ಅವಳ ಕಟ್ಟೆಯ ಮೇಲಿದ್ದೆ. ಸಿದ್ದವ್ವ ರಾಜಮಾಳ ಹಳೆಯ ಬಟ್ಟಲನ್ನು ಮರಳಿಸಲು ಬಂದಳು. ತಳದಲ್ಲಿ ನೀರಾದ ಮೊಸರಿತ್ತು.

“ಖಾಲಿ ಹ್ಯಾಂಗ ತರ್ಲಿ ಯವ್ವಾ?”

ಬೇಡವೆನ್ನದೆ ರಾಜಮಾ ಬಟ್ಟಲು ತೆಗೆದುಕೊಂಡಳು. ಸಿದ್ದವ್ವ ಹೋದಮೇಲೆ ಅದನ್ನು ಬೇವಿನ ಬುಡಕ್ಕೆ ಚೆಲ್ಲಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಹೊಸ ಗಡಿಗೆಯ ಬಾಯಿಗೆ ಧೂಳು ಕೂತಿತ್ತಂತೆ. ಅದೇ ಸೆರಗಿನಿಂದ ಒರೆಸಿದಳಂತೆ.

ಬೆಳಿಗ್ಗೆ ಅದನ್ನು ಹೇಳುತ್ತಲೇ ಬಾಗಿಲಿಗೆ ಬಂದಳು. “ನೀವಽ ನೋಡ್ರಿ ಮಾಸ್ತರ. ನನಗ ಮುಚ್ಚಳಾ ತಗಿಯಾಕ ಧೈರ್ಯ ಸಾಲವಲ್ದು.”

ನಾನು ಹೋಗಿ ಮುಚ್ಚಳ ತೆಗೆದು ಗಡಿಗೆಯನ್ನು ತುಸುವೇ ಬಾಗಿಸಿದೆ. ಹಾಲು ಅಂಚಿನವರೆಗೂ ಹರಿದು ಬಂದಿತು.