ಕಪ್ಪು ಚೌಕಟ್ಟಿನ ಕತ್ತೆ

ಯಾಂತ್ರಾ ಹೊಳೆಯ ದಂಡೆಯ ಆ ಪುಟ್ಟ ಊರಿನಲ್ಲಿ ಯಾರು ಸತ್ತರೂ ಪಾದ್ರಿಗಿಂತ ಮೊದಲು ಗೊತ್ತಾಗುವುದು ವೆಲಿಕಾಳಿಗೆ. ಸತ್ತವರ ನೆನಪಿನ ಚೀಟಿ ಮಾಡುವವಳು ಅವಳೇ. ಸುತ್ತ ಕಪ್ಪು ಚೌಕಟ್ಟು, ಮೇಲೊಂದು ಶಿಲುಬೆ, ನಡುವೆ ಫೋಟೊ, ಕೆಳಗೆ ನಾಲ್ಕು ಮಾತು. ಸತ್ತ ದಿನ ಒಂದು, ನಲವತ್ತನೆಯ ದಿನಕ್ಕೆ ಒಂದು, ವರ್ಷಕ್ಕೆ ಒಂದು. ಮನೆಯ ಬಾಗಿಲು, ಬಸ್ ನಿಲ್ದಾಣ, ಚೌಕದ ಅಕ್ರೋಟು ಮರ, ಎಲ್ಲ ಕಡೆ ಅಂಟಿಸಬೇಕು. ಮೂವತ್ತು ವರ್ಷದಿಂದ ಕತ್ತರಿ, ಅಂಟು ಮತ್ತು ಕೆಮ್ಮುವ ಒಂದು ಜೆರಾಕ್ಸ್ ಯಂತ್ರ, ಇಷ್ಟರಲ್ಲೇ ಅವಳ ಬದುಕು ಸಾಗಿತ್ತು. ಕಂಪ್ಯೂಟರ್ ಕಲಿಯೇ ಎಂದವರಿಗೆ, "ಸತ್ತೋರಿಗೇನು ಅವಸರ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಅಂಗಡಿಗೆ ಸಾವಿನ ಕೆಲಸವಿಲ್ಲದೆ ಬರುತ್ತಿದ್ದವನು ಒಬ್ಬನೇ, ತ್ರಿಫೋನ್ ಅಜ್ಜ. ಊರ ಮಕ್ಕಳಿಗೆಲ್ಲ ಅವನು ಅಜ್ಜ. ಕತೆಯನ್ನೂ ಅವನೇ ಬರೆಯುತ್ತಿದ್ದ, ಚಿತ್ರವನ್ನೂ ಅವನೇ ಬಿಡಿಸುತ್ತಿದ್ದ. ಹನ್ನೊಂದು ಪುಸ್ತಕ, ಹನ್ನೊಂದರಲ್ಲೂ ಮಾರ್ಕೋ ಎಂಬ ಕತ್ತೆ, ತಲೆಯ ಮೇಲೊಂದು ಟೊಪ್ಪಿ. ಹೊಸ ಚಿತ್ರವಾದರೆ ಪ್ರತಿ ತೆಗೆಸಲು ವೆಲಿಕಾಳ ಬಳಿ ಬರುತ್ತಿದ್ದ. ಗಂಡ ತೀರಿಕೊಂಡಾಗ ಗಂಡನ ಚೀಟಿಯನ್ನೂ ತಾನೇ ಕತ್ತರಿಸಿ ಅಂಟಿಸಿ ಅವಳು ಕಲ್ಲಿನಂತೆ ಕೂತಿದ್ದಳು. ಅಜ್ಜ ಒಂದು ಚಿತ್ರ ಮುಂದಿಟ್ಟ. ಮಾರ್ಕೋ ಕೆಸರಿನಲ್ಲಿ ಜಾರಿ ಕೂತು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡುತ್ತಿದ್ದ. ವೆಲಿಕಾ ಅಳುತ್ತಲೇ ನಕ್ಕುಬಿಟ್ಟಳು. ಆ ನಗುವಿನ ಋಣವನ್ನು ಅವಳು ಮರೆತಿರಲಿಲ್ಲ.

"ನಾನು ಹೋದ್ಮೇಲೆ ನನ್ನ ಮುಖ ಹಾಕ್ಬೇಡ ಕಣೇ, ಮಕ್ಕಳು ಹೆದರ್ಕೋತಾವೆ. ಮಾರ್ಕೋನ ಹಾಕು," ಎಂದಿದ್ದ ಅಜ್ಜ.

"ಆಗ್ಲಿ ಮಾಮ. ಇಬ್ಬರ ಮುಖಕ್ಕೂ ಅಂಥ ವ್ಯತ್ಯಾಸ ಏನಿಲ್ಲ," ಎಂದಿದ್ದಳು ಇವಳು.

ಅಜ್ಜ ಹೋದಾಗಲೂ, ನಲವತ್ತನೆಯ ದಿನಕ್ಕೂ, ಅವನ ಅಕ್ಕ ರೈನಾ ಹಠ ಹಿಡಿದು ಫೋಟೊವನ್ನೇ ಹಾಕಿಸಿದಳು. ವರ್ಷದ ಚೀಟಿಯ ಸರದಿ ಬಂದಾಗ ವೆಲಿಕಾ ಯಾರನ್ನೂ ಕೇಳಲಿಲ್ಲ. ಕಪ್ಪು ಚೌಕಟ್ಟಿನ ನಡುವೆ ಟೊಪ್ಪಿ ಹಾಕಿದ ಮಾರ್ಕೋನನ್ನು ಕೂರಿಸಿ ಗುರುವಾರ ಊರೆಲ್ಲ ಅಂಟಿಸಿ ಬಂದಳು. ಭಾನುವಾರ ಚರ್ಚಿನಲ್ಲಿ ವರ್ಷದ ಪ್ರಾರ್ಥನೆಯಿತ್ತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಶುಕ್ರವಾರ ಮೊದಲು ಬಂದವಳು ರೈನಾ, ಎಂಬತ್ತೆರಡರ ಮುದುಕಿ, ಕೋಲು ಕುಟ್ಟುತ್ತಾ.

"ನನ್ನ ತಮ್ಮನ ಹೆಸರಿನ ಮೇಲೆ ಕತ್ತೆ ಕೂರಿಸಿದೀಯಲ್ಲೇ! ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರಲ್ಲ, ಅದು ನಿನ್ನನ್ನ ನೋಡೇ ಹೇಳಿರ್ಬೇಕು!"

"ಅವರೇ ಹೇಳಿದ್ದು ರೈನಕ್ಕ."

"ಅವನು ಹೇಳ್ದ, ನೀನು ಕೇಳ್ದೆ. ಅವನಿಗಂತೂ ಬುದ್ಧಿ ಇರ್ಲಿಲ್ಲ, ನಿನಗಾದ್ರೂ ಬೇಡ್ವಾ?"

ಇದನ್ನೆಲ್ಲ ವೆಲಿಕಾ ನುಂಗಿಕೊಂಡಳು. ನುಂಗಲಾಗದ್ದು ಮಧ್ಯಾಹ್ನ ಬಂತು. ಗ್ರಂಥಾಲಯದ ಕಲೀನಾ ಏದುಸಿರು ಬಿಡುತ್ತಾ ಓಡಿಬಂದಳು.

"ಏನೇ ಮಾಡಿಟ್ಟೆ ನೀನು? ಮಕ್ಕಳೆಲ್ಲ ಮಾರ್ಕೋ ಪುಸ್ತಕ ತಂದು ನನ್ನ ಮೇಜಿನ ಮೇಲೆ ಸುರಿದು ಹೋದ್ವು! ಮಾರ್ಕೋ ಸತ್ತೋದ, ಇನ್ನು ಓದಲ್ಲ ಅಂತಾವೆ. ಅಕ್ರೋಟು ಮರದ ಕೆಳಗೆ ಹೋಗಿ ನೋಡು, ಹುಲ್ಲಿಟ್ಟು ಮೇಣದಬತ್ತಿ ಹಚ್ಚಿದಾವೆ."

ವೆಲಿಕಾ ಕತ್ತರಿ ಕೆಳಗಿಟ್ಟಳು. ಚೀಟಿಯಲ್ಲಿ ಯಾರ ಚಿತ್ರವೋ ಸತ್ತವರು ಅವರೇ. ಆ ಊರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವುದೇ ಅದನ್ನು. ಮೂವತ್ತು ವರ್ಷ ಚೀಟಿ ಮಾಡಿದವಳಿಗೆ ಅದೇ ಹೊಳೆದಿರಲಿಲ್ಲ. ಅಜ್ಜ ಸತ್ತರೂ ಮಾರ್ಕೋ ಉಳಿದಿದ್ದ. ಈಗ ಅವನನ್ನೂ ಅವಳೇ ಕೈಯಾರೆ ಕೊಂದಿದ್ದಳು.

ಕಲೀನಾಳ ಮೇಜಿನಿಂದ ಹನ್ನೊಂದು ಪುಸ್ತಕವನ್ನೂ ಹೊತ್ತು ತಂದಳು. ಶನಿವಾರವಿಡೀ ಅಂಗಡಿಯ ಬಾಗಿಲು ಹಾಕಿಕೊಂಡು ಹಾಳೆ ಮಗುಚಿದಳು. ಪ್ರತಿ ಪುಸ್ತಕದ ಯಾವುದಾದರೂ ಮೂಲೆಯಲ್ಲಿ ಅಜ್ಜ ತನ್ನನ್ನೇ ಬಿಡಿಸಿಕೊಂಡಿದ್ದ: ಬಾಗಿದ ಬೆನ್ನು, ಹೆಗಲಲ್ಲಿ ಚೀಲ, ನಡೆದು ಹೋಗುತ್ತಿರುವ ಮುದುಕ. ಮುಖ ಎಲ್ಲೂ ಇಲ್ಲ. ಏಳನೆಯ ಪುಸ್ತಕದಲ್ಲಿ ಮಾರ್ಕೋ ಹಿಂಗಾಲಿನ ಮೇಲೆ ನಿಂತು, ಟೊಪ್ಪಿ ತೆಗೆದು ಹಿಡಿದು, ಗೋಡೆಯ ಮೇಲಿನ ಏನನ್ನೋ ಓದುತ್ತಿದ್ದ. ವೆಲಿಕಾ ಎರಡರ ಪ್ರತಿ ತೆಗೆದಳು, ಕತ್ತರಿಸಿದಳು, ಅಂಟಿಸಿದಳು. ಚೌಕಟ್ಟಿನ ಒಳಗೆ ನಡೆದು ಹೋಗುತ್ತಿರುವ ಅಜ್ಜ. ಚೌಕಟ್ಟಿನ ಹೊರಗೆ, ಟೊಪ್ಪಿ ಕೈಯಲ್ಲಿ ಹಿಡಿದು ಆ ಚೀಟಿಯನ್ನು ಓದುತ್ತಿರುವ ಮಾರ್ಕೋ.

ಭಾನುವಾರ ಬೆಳಗ್ಗೆ ಪುಸ್ತಕಗಳನ್ನು ಕಲೀನಾಳಿಗೆ ಮರಳಿಸಿ, ಹಳೆಯ ಚೀಟಿಗಳನ್ನೆಲ್ಲ ಕಿತ್ತು ಹೊಸವನ್ನು ಅಂಟಿಸಿದಳು, ಈ ಸಲ ಮಕ್ಕಳ ಕಣ್ಣಿನ ಎತ್ತರಕ್ಕೆ. ಅಕ್ರೋಟು ಮರದ ಬಳಿ ಬೇಕರಿಯವನ ಮಗಳು ಇವ್ಕಾ ನಿಂತಿದ್ದಳು, ಆರು ವರ್ಷದ ಪೋರಿ. ಬಹಳ ಹೊತ್ತು ನೋಡಿದಳು.

"ಮಾರ್ಕೋ ಹೊರಗಡೆ ಇದಾನೆ," ಎಂದಳು.

"ಹೂಂ."

"ಹಂಗಾದ್ರೆ ಸತ್ತಿರೋದು ಅಜ್ಜ. ಮಾರ್ಕೋ ಅಲ್ಲ."

"ಹೌದು ಪುಟ್ಟಿ."

"ಮತ್ತೆ ಮಾರ್ಕೋಗೆ ಈಗ ಹುಲ್ಲು ಯಾರು ಹಾಕ್ತಾರೆ?"

ವೆಲಿಕಾ ಅಂಟಿನ ಡಬ್ಬಿ ಕೆಳಗಿಟ್ಟಳು. "ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆರೆದು ನೋಡೇ. ಮೂರು ದಿನದಿಂದ ಉಪವಾಸ ಇರ್ಬೇಕು ಪಾಪ," ಎಂದಳು.

ಚರ್ಚಿನ ಬಾಗಿಲಲ್ಲಿ ರೈನಾ ತಮ್ಮನ ಹೆಸರಿನಲ್ಲಿ ಸಕ್ಕರೆ ಹಾಕಿ ಬೇಯಿಸಿದ ಗೋಧಿಯನ್ನು ಹಂಚುತ್ತಿದ್ದಳು. ವೆಲಿಕಾಳ ಅಂಗೈಗೆ ಎರಡು ಚಮಚ ಜಾಸ್ತಿಯೇ ಬಿತ್ತು. "ಬೆನ್ನು ಅವನದೇ," ಎಂದಳು ಮುದುಕಿ, ಕಣ್ಣೊರೆಸಿಕೊಳ್ಳುತ್ತಾ. "ಚಿಕ್ಕಂದಿನಿಂದ ಹಂಗೇ ಗೂನು ಹಾಕ್ಕೊಂಡು ನಡೀತಿದ್ದ. ನೆಟ್ಟಗೆ ನಡಿಯೋ ಅಂದ್ರೆ ಕೇಳ್ತಿರ್ಲಿಲ್ಲ, ಕತ್ತೆ."

ಎರಡು ವಾರದ ಮೇಲೆ ಕಲೀನಾ ಮತ್ತೆ ಅಂಗಡಿಗೆ ನುಗ್ಗಿದಳು. ಕೈಯಲ್ಲಿ ಮಾರ್ಕೋ ಪುಸ್ತಕಗಳ ಕಟ್ಟು.

"ನೋಡು ನಿನ್ನ ಉಪಕಾರ! ಹನ್ನೊಂದಕ್ಕೆ ಹನ್ನೊಂದೂ ಹಿಂಗೇ ವಾಪಸ್ ಬರ್ತಿವೆ. ಗುಡಿಸಿ ಗುಡಿಸಿ ನನ್ನ ಸೊಂಟ ಬಿತ್ತು. ನೀನೇ ಕ್ಲೀನ್ ಮಾಡು."

ವೆಲಿಕಾ ಮೊದಲ ಪುಸ್ತಕ ತೆರೆದಳು. ಮಾರ್ಕೋ ಇದ್ದ ಪುಟದಲ್ಲೆಲ್ಲ, ಅವನ ಬಾಯಿಯ ಹತ್ತಿರಕ್ಕೆ ಸರಿಯಾಗಿ, ಒಂದೊಂದು ಹಿಡಿ ಹಸಿ ಹುಲ್ಲು. ಅವಳು ಒಂದು ಎಳೆಯನ್ನೂ ತೆಗೆಯದೆ ಪುಸ್ತಕ ಮುಚ್ಚಿದಳು.