ಕೊಯ್ದವನಿಗೆ ಕೊನೆಯ ಪಾಲು

ನನ್ನ ತಮ್ಮ ಮಂತ್ರಿಯಾಗಿದ್ದ. ನಗಬೇಡಿ. ನಾನು ಆಗಲೇ ನಕ್ಕು ಮುಗಿಸಿದ್ದೇನೆ, ಅದೂ ಅವನ ಮುಖದೆದುರೇ.

ದೇಶ ಇದ್ದದ್ದು ಇಂಟರ್‌ನೆಟ್‌ನಲ್ಲಿ. ನೆಲ ಇಲ್ಲ, ಗಡಿ ಇಲ್ಲ, ರಸ್ತೆಯೂ ಇಲ್ಲ, ರಸ್ತೆಯಲ್ಲಿ ಗುಂಡಿಯೂ ಇಲ್ಲ. ಯಾರೋ ನಾಲ್ಕು ಜನ ತಮಾಷೆಗೆ ಶುರು ಮಾಡಿದ್ದಂತೆ, ಆಮೇಲೆ ಸಾವಿರಾರು ಜನ ಬಂದು ಸೇರಿಕೊಂಡರು. ಒಬ್ಬರ ಮುಖ ಒಬ್ಬರು ಕಂಡವರಲ್ಲ, ಅಡ್ಡಹೆಸರಿನಲ್ಲೇ ಎಲ್ಲ ವ್ಯವಹಾರ. ಹರಟುತ್ತಾರೆ, ಆಟ ಆಡುತ್ತಾರೆ, ಚುನಾವಣೆ ನಡೆಸಿ ಮಂತ್ರಿಗಳನ್ನು ಆರಿಸುತ್ತಾರೆ. ಮಂತ್ರಿಗೆ ಸಂಬಳವಿಲ್ಲ, ಕಾರಿಲ್ಲ, ಕೆಲಸ ಮಾತ್ರ ಬೆಟ್ಟದಷ್ಟು. "ಬಿಟ್ಟಿ ಚಾಕರಿಗೆ ಇಷ್ಟು ದೊಡ್ಡ ಹೆಸರೇನೋ?" ಎಂದು ನಾನು ಕೇಳಿದ್ದಕ್ಕೆ ಅವನು "ಹೂಂ" ಎಂದ. ಅವನ ಉತ್ತರಗಳು ಸಾಮಾನ್ಯವಾಗಿ ಅಷ್ಟೇ ಉದ್ದ.

ಹೊಟ್ಟೆಪಾಡಿಗೆ ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಅಂಗಡಿಯ ಮುಂಭಾಗದಲ್ಲಿ ಕನ್ನಡಿ, ದೀಪ, ನಗುಮುಖದ ಹುಡುಗಿಯರು. ಇವನಿರುವುದು ಹಿಂದಿನ ಕೋಣೆಯಲ್ಲಿ. ನಡುಗೋಡೆಯಲ್ಲಿ ಒಂದು ಕಿಂಡಿ, ಅದರಿಂದ ಟ್ರೇ ಒಳಗೆ ಬರುತ್ತದೆ. ಟ್ರೇಯಲ್ಲಿ ಫ್ರೇಮು, ದುಂಡನೆಯ ಎರಡು ಗಾಜು, ನಂಬರು ಬರೆದ ಚೀಟಿ. ಗಾಜಿನ ನಡುವೆ ಗುರುತು ಹಾಕಿ, ನೀರು ತೊಟ್ಟಿಕ್ಕುವ ಚಕ್ರಕ್ಕೆ ಅಂಚು ಹಿಡಿದು, ಫ್ರೇಮಿನ ಆಕಾರಕ್ಕೆ ತಂದು ಒತ್ತಿ ಕೂರಿಸುತ್ತಾನೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಒರೆಸಿ, ಟ್ರೇ ವಾಪಸ್ ತಳ್ಳುತ್ತಾನೆ. ಆಚೆ ಯಾರೋ "ಅಬ್ಬಾ, ಎಷ್ಟು ಸ್ಪಷ್ಟ ಕಾಣ್ತಿದೆ!" ಎನ್ನುತ್ತಾರೆ, ಕೌಂಟರಿನ ಹುಡುಗಿ "ಥ್ಯಾಂಕ್ಯೂ" ಎನ್ನುತ್ತಾಳೆ. ಇವನು ಆ ಹೊತ್ತಿಗೆ ಮುಂದಿನ ಟ್ರೇ ಎತ್ತಿಕೊಂಡಿರುತ್ತಾನೆ.

ಮನೆ ಎಂದರೆ ಲಾಂಡ್ರಿಯ ಮೇಲಿನ ಒಂದು ಕೋಣೆ. ಕೆಳಗಿನ ಇಸ್ತ್ರಿಯ ಬಿಸಿಗೆ ನೆಲ ಯಾವಾಗಲೂ ಬೆಚ್ಚಗೆ. ಮಂಚ, ಮೇಜು, ಕಂಪ್ಯೂಟರು, ಒಂದೇ ಒಂದು ಕುರ್ಚಿ. ನಾನು ಹೋದರೆ ಕುರ್ಚಿ ನನಗೆ, ಮಂಚ ಅವನಿಗೆ. ಅಮ್ಮ ಇರುವ ತನಕ ತಾಯಿ ಮಗ ಒಟ್ಟಿಗಿದ್ದರು. ಮದುವೆಯ ಮಾತೆತ್ತಿದರೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬಂದ ಸಂಬಂಧಗಳು ಕಾದು ಕಾದು ಬೇರೆ ಕಡೆ ಹೋದವು. ಅಮ್ಮ ತೀರಿಕೊಂಡ ಮೇಲೆ ನಮ್ಮನೆಗೇ ಬಂದುಬಿಡು ಎಂದೆ. "ನಿಮ್ಮನೇಲಿ ಗಲಾಟೆ ಜಾಸ್ತಿ ಅಕ್ಕ" ಎಂದ. ಅದೇನೋ ನಿಜ. ಗಂಡ, ಮಕ್ಕಳು, ಅತ್ತೆ, ಸಾಲದ್ದಕ್ಕೆ ಕೆಳಗೇ ನನ್ನ ಜೆರಾಕ್ಸ್ ಅಂಗಡಿ. ಬೆಳಗ್ಗೆ ತೆರೆದ ಬಾಯಿ ಮುಚ್ಚಲು ನನಗೆ ಪುರುಸೊತ್ತೇ ಸಿಗುವುದಿಲ್ಲ.

ಆ ದೇಶದಲ್ಲಿ ಅವನ ಅಡ್ಡಹೆಸರು 'ಕನ್ನಡಕ'. ಒಳಾಡಳಿತ ಮಂತ್ರಿ. ಚುನಾವಣೆ, ಸ್ಪರ್ಧೆ, ಜಗಳ ಬಿಡಿಸುವುದು, ಬಾಯಿ ಹೊಲಸು ಮಾಡುವವರನ್ನು ಹೊರಗೆ ಹಾಕುವುದು, ಪ್ರಜೆಗಳ ಪಟ್ಟಿ ಇಡುವುದು, ಎಲ್ಲ ಅದೇ ಇಲಾಖೆಯ ತಲೆಗೆ. ಇಷ್ಟೂ ಸಾಲದೆಂದು ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಇವನೇ ಕೂತು ಸ್ವಾಗತ ಬರೆಯುತ್ತಿದ್ದ. ಅಚ್ಚು ಹಾಕಿದ ಹಾಗೆ ಒಂದೇ ಥರ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು. ಕೊನೆಯ ಸಾಲು ಮಾತ್ರ ಎಲ್ಲರಿಗೂ ಅದೇ: "ಇವತ್ತು ಯಾರ ಜೊತೆ ಮಾತಾಡಿದ್ರಿ?"

ಆ ಪ್ರಶ್ನೆಗೆ ಜನ ಬರೆಯುತ್ತಿದ್ದರು ನೋಡಿ, ಅಯ್ಯಯ್ಯೋ! ಒಬ್ಬ ಕಂಡಕ್ಟರ್ ಬರೆದಿದ್ದ, ಇಡೀ ಬಸ್ಸಿನ ಜೊತೆ ಮಾತಾಡಿದೆ, ಆದರೆ ಚಿಲ್ಲರೆ ಕೊಡಿ ಅಂದಿದ್ದು ಬಿಟ್ಟರೆ ಬೇರೇನೂ ಇಲ್ಲ ಎಂದು. ಒಬ್ಬಾಕೆ ಹಸುಗೂಸಿನ ಜೊತೆ ಮಾತಾಡಿದ್ದು ಲೆಕ್ಕಕ್ಕೆ ಬರುತ್ತದಾ ಎಂದು ಕೇಳಿದ್ದಳು. ಬರುತ್ತೆ, ಅದು ಏನು ಉತ್ತರ ಕೊಡ್ತು ಎಂದು ಇವನು ಬರೆದ. ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯುತ್ತಿತ್ತು. ಎಲ್ಲ ಬಂದು ಬೀಳುತ್ತಿದ್ದದ್ದು ಇಲಾಖೆಯ ಅಂಚೆಪೆಟ್ಟಿಗೆಗೆ. ಒಂದು ಭಾನುವಾರ ನಾನು ಮೆಟ್ಟಿಲು ಹತ್ತುವಾಗ ಒಳಗಿಂದ ಅವನು ಜೋರಾಗಿ ನಗುವುದು ಕೇಳಿಸಿತು. ಯಾರೋ ಬಂದಿದ್ದಾರೆ ಅಂದುಕೊಂಡು ಬಾಗಿಲಲ್ಲಿ ಚಪ್ಪಲಿ ಹುಡುಕಿದೆ. ಅವನದೊಂದೇ ಜೊತೆ ಇತ್ತು.

ತೊಂದರೆ ಎಂದರೆ, ದೇಶ ಬೆಳೆಯಿತು. ಸ್ವಾಗತಕ್ಕೆ ಕಾದು ಕಾದು ಹೊಸಬರು ಬೇಸತ್ತು ಹೋಗತೊಡಗಿದರು. ಜಗಳಗಳು ರಾಶಿ ಬಿದ್ದವು. ಇವನೂ ಎಲ್ಲರಂತೆ ಗೊಣಗಿದ್ದ: "ಸಾಕಾಗಿದೆ ಮಾರಾಯ್ರೇ, ತಲೆ ಎತ್ತೋಕಾಗ್ತಿಲ್ಲ." ಕೆಲಸ ಮಾಡುವವರು ಹಾಗೆ ಅನ್ನುವುದು ಸುಮ್ಮನೆ ಮಾತಿಗೆ. ಅಲ್ಲಿಯವರು ನಂಬಿಬಿಟ್ಟರು. ಇಲಾಖೆಯನ್ನು ಮೂರು ಭಾಗ ಮಾಡೋಣ, ಭಾಗ ಮಾಡುವುದು ಕನ್ನಡಕದವರೇ, ಅವರಷ್ಟು ಗೊತ್ತಿರುವವರು ಯಾರಿದ್ದಾರೆ ಎಂದು ಸಭೆ ತೀರ್ಮಾನಿಸಿತು. ಜೊತೆಗೆ ಇಬ್ಬರು ಹೊಸ ಮಂತ್ರಿಗಳು: ಒಬ್ಬ 'ಕ್ಯಾಪ್ಟನ್', ಒಬ್ಬಳು 'ಗುಬ್ಬಚ್ಚಿ'.

ಆ ದೇಶದಲ್ಲಿ ಒಂದು ಕಾನೂನಿತ್ತು. ಏನನ್ನೇ ಪಾಲು ಮಾಡಲಿ, ಪಾಲು ಮಾಡಿದವನು ಕೊನೆಗೆ ಆರಿಸಬೇಕು. ಎಲ್ಲರೂ ಅದನ್ನು 'ಅಮ್ಮನ ಕಾನೂನು' ಎನ್ನುತ್ತಿದ್ದರು. ಯಾರಮ್ಮ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮಮ್ಮ! ಒಂದು ಸೇಬಿಗೆ ನಾವಿಬ್ಬರು ಕಿತ್ತಾಡಿದರೆ ಚಾಕುವನ್ನು ಒಬ್ಬರ ಕೈಗೆ ಕೊಟ್ಟು, "ಕೊಯ್ದವರು ಕೊನೆಗೆ ತಗೋಬೇಕು" ಎನ್ನುತ್ತಿದ್ದಳು. ಇವನು ಮೊದಮೊದಲು ಆ ದೇಶ ಸೇರಿದಾಗ ಇದನ್ನು ಹೇಳಿದ್ದನಂತೆ, ಅವರಿಗೆ ಹಿಡಿಸಿ ಕಾನೂನೇ ಮಾಡಿಕೊಂಡರು.

ಆರಿಸುವ ದಿನ ಭಾನುವಾರ ಮಧ್ಯಾಹ್ನ. ನಾನೂ ಹೋಗಿದ್ದೆ. ಅವನು ಮಾಡಿದ ಮೂರು ಪಾಲು ಪರದೆಯ ಮೇಲಿತ್ತು. ಮೊದಲನೆಯದು ಚುನಾವಣೆ ಮತ್ತು ಸ್ಪರ್ಧೆ, ದಿನಾ ಹೆಸರು ಬರುವ ಕೆಲಸ. ಎರಡನೆಯದು ಪ್ರಜೆಗಳ ಪಟ್ಟಿ ಮತ್ತು ಕಾನೂನಿನ ಪುಸ್ತಕ, ತಣ್ಣಗೆ ಕೂತು ಮಾಡುವಂಥದ್ದು. ಮೂರನೆಯದರಲ್ಲಿ ಜಗಳ, ದೂರು, ಬೈಗುಳ, ಹೊರಗೆ ಹಾಕಿಸಿಕೊಂಡವರ ಕಾಟ, ಎಲ್ಲ ಗುಡ್ಡೆ ಹಾಕಿ, ತಳದಲ್ಲಿ ಸಣ್ಣದಾಗಿ, "ಹೊಸಬರ ಸ್ವಾಗತ, ಹಾಗೂ ಅಂಚೆಪೆಟ್ಟಿಗೆ".

ನನಗೆ ನಗು ತಡೆಯಲಾಗಲಿಲ್ಲ. "ಹಳೇ ಕಳ್ಳ! ಇನ್ನೂ ಬುದ್ಧಿ ಬಿಟ್ಟಿಲ್ವಾ?"

ಅವನ ಕಿವಿ ಕೆಂಪಾಯಿತು. "ಸುಮ್ನಿರು ಅಕ್ಕ."

ಚಾಕು ಅವನ ಕೈಗೆ ಬಂದಾಗಲೆಲ್ಲ ಅವನು ಇದೇ ಆಟ ಹೂಡುತ್ತಿದ್ದ. ಸೇಬಿನ ಕಪ್ಪು ಕಲೆ ಪೂರ್ತಿ ದೊಡ್ಡ ಹೋಳಿನಲ್ಲೇ ಉಳಿಯುವಂತೆ ಕೊಯ್ದು, ಏನೂ ಅರಿಯದವನ ಹಾಗೆ ಕಿಟಕಿ ನೋಡುತ್ತಿದ್ದ. ನಾನು ಚೊಕ್ಕದಾದ ಸಣ್ಣ ಹೋಳು ತೆಗೆದುಕೊಂಡರೆ, ಕಲೆ ಕೆರೆದು ಹಾಕಿ ದೊಡ್ಡದನ್ನು ತಿನ್ನುತ್ತಿದ್ದ. ನನಗೆ ಗೊತ್ತಾಗುತ್ತಿರಲಿಲ್ಲವೇ? ಗೊತ್ತಾಗುತ್ತಿತ್ತು. ತಿನ್ನಲಿ ಬಿಡು ಎಂದು ಸಣ್ಣದನ್ನೇ ಎತ್ತಿಕೊಳ್ಳುತ್ತಿದ್ದೆ.

ಮೊದಲು ಕ್ಯಾಪ್ಟನ್ ಆರಿಸಿದ: ಚುನಾವಣೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ನನ್ನ ತಮ್ಮ ಮಂಚದ ಅಂಚಿಗೆ ಸರಿದು ಕೂತ. ಗುಬ್ಬಚ್ಚಿ ಪಟ್ಟಿ ಮತ್ತು ಪುಸ್ತಕ ಎಂದುಬಿಟ್ಟರೆ ಮುಗಿಯಿತು. ಜಗಳದ ರಾಶಿ ಸಮೇತ ಅವನ ಜನ ಅವನಿಗೇ ಉಳಿಯುತ್ತಾರೆ.

ಅವಳು ಬರೆಯುತ್ತಿದ್ದಾಳೆ ಎಂದು ಪರದೆ ತೋರಿಸಿತು. ಬಹಳ ಹೊತ್ತು ತೋರಿಸಿತು. ಆಮೇಲೆ ಬಂತು: "ಕನ್ನಡಕದಣ್ಣ, ನಾನು ಇಲ್ಲಿಗೆ ಬಂದಾಗ ಮೊದಲು ಮಾತಾಡಿಸಿದ್ದು ನೀವು. ಇಷ್ಟು ವರ್ಷ ಈ ಭಾರ ಒಬ್ಬರೇ ಹೊತ್ತಿದ್ದೀರಿ. ಸಾಕು, ಇನ್ನಾದರೂ ಆರಾಮಾಗಿರಿ. ಕಷ್ಟದ ಪಾಲು ನನಗಿರಲಿ. ನನಗೆ ಮೂರನೆಯದು."

ಕೆಳಗೆ ಚಪ್ಪಾಳೆಯ ಚಿತ್ರಗಳು ಉದುರತೊಡಗಿದವು. ಎಂಥ ಮನಸ್ಸು, ಎಂಥ ಹುಡುಗಿ! ಹುಡುಗಿಯೋ ಮುದುಕಿಯೋ ಯಾರು ಕಂಡಿದ್ದಾರೆ. ನಾನು ತಮ್ಮನ ಭುಜ ಹಿಡಿದು ಅಲುಗಿಸಿದೆ.

"ಬೇಡ ಅಂತ ಬರಿಯೋ! ನನಗೇ ಬೇಕು ಅಂತ ಬರಿ!"

"ಹೇಗೆ ಬರೀಲಿ? ಭಾರ ಅಂತ ನಾನೇ ಅಲ್ವಾ ಹೇಳಿದ್ದು."

"ಸುಮ್ನೆ ಅಂದಿದ್ದು ಅಂತ ಹೇಳು."

"ಕಾನೂನೂ ನಂದೇ ಅಕ್ಕ."

ನಾನೇ ಕೀಬೋರ್ಡಿಗೆ ಕೈ ಹಾಕಿದೆ. ಅವನು ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕಿಟ್ಟ, ಒರಟಾಗಿ ಅಲ್ಲ, ಗಾಜು ಇಡುವ ಹಾಗೆ. ಆಮೇಲೆ ಬಗ್ಗಿ, ಒಂದೇ ಬೆರಳಿನಲ್ಲಿ "ತುಂಬಾ ಸಂತೋಷ" ಎಂದು ಟೈಪ್ ಮಾಡಿದ. ಅಂಚೆಪೆಟ್ಟಿಗೆಯ ಪಾಸ್‌ವರ್ಡನ್ನು ಗುಬ್ಬಚ್ಚಿಗೆ ಕಳಿಸಿದ. ಅವಳು ನಗುವ ಮುಖವೊಂದನ್ನು ವಾಪಸ್ ಕಳಿಸಿದಳು.

ಸೇಬು ಕೊಯ್ದಾಗ ಎದುರಿಗೆ ನಾನಿದ್ದೆ. ಅಲ್ಲಿ ಅವನಿಗೆ ಅಕ್ಕ ಇರಲಿಲ್ಲ. ಇದ್ದಿದ್ದರೆ ಆ ಗುಬ್ಬಚ್ಚಿ ಮಾಡಿದ ಹಾಗೆ ಮಾಡುತ್ತಿರಲಿಲ್ಲ. ಅವಳನ್ನು ಬೈಯಲೂ ನನಗೆ ಬಾಯಿ ಬರುವುದಿಲ್ಲ, ಪಾಪ, ಒಳ್ಳೆಯದನ್ನೇ ಮಾಡಿದಳು.

ಅಲ್ಲಿ ಈಗ ಎಲ್ಲ ಚೆನ್ನಾಗಿ ನಡೆಯುತ್ತಿದೆಯಂತೆ. ಯಾರೂ ಕಾಯಬೇಕಾಗಿಲ್ಲ. ಕಂಡಕ್ಟರಿಗೂ ಆ ಕೂಸಿನ ತಾಯಿಗೂ ಗುಬ್ಬಚ್ಚಿ ಚಟಪಟ ಉತ್ತರ ಬರೆಯುತ್ತಾಳೆ. ನನ್ನ ತಮ್ಮ ಪಟ್ಟಿ ನೋಡಿಕೊಳ್ಳುತ್ತಾನೆ. ಹೊಸ ಹೆಸರು ಬಂದರೆ ಸೇರಿಸುತ್ತಾನೆ, ಹೋದವರನ್ನು ತೆಗೆಯುತ್ತಾನೆ. ಬೇಗ ಮುಗಿದುಹೋಗುತ್ತದೆ. ಕಳೆದ ಸಲ ನಾನು ಹೋದಾಗ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿತ್ತು, ಅವನು ಮಂಚದ ಮೇಲೆ ಕೂತು ಕೆಳಗಿನ ಇಸ್ತ್ರಿಯ ಸದ್ದು ಕೇಳುತ್ತಿದ್ದ. "ಬಾ ನಮ್ಮನೆಗೆ" ಎಂದರೆ ಮತ್ತದೇ ಗಲಾಟೆಯ ಮಾತು.

ಅದಕ್ಕೇ ಅಂಗಡಿ ಬಾಗಿಲು ಹಾಕುವ ಮೊದಲು ನಾನು ದಿನಾ ಫೋನ್ ಮಾಡತೊಡಗಿದೆ. ಮೊನ್ನೆ ಮಾತು ಹೊಳೆಯದೆ ಅವನ ಪ್ರಶ್ನೆಯನ್ನೇ ಅವನಿಗೆ ಕೇಳಿದೆ.

"ಇವತ್ತು ಯಾರ ಜೊತೆ ಮಾತಾಡಿದ್ಯೋ?"

"ನಿನ್ ಜೊತೆ" ಎಂದ.

"ಅದು ಬಿಡು. ನನಗಿಂತ ಮುಂಚೆ?"

ಅವನು ಯೋಚಿಸಿದ. ತಮಾಷೆಗಲ್ಲ, ನಿಜವಾಗಿಯೂ ನೆನಪಿಸಿಕೊಳ್ಳುತ್ತಿದ್ದ.

"ನಿನ್ನೆ ನೀನೇ ಫೋನ್ ಮಾಡಿದ್ಯಲ್ಲ ಅಕ್ಕ" ಎಂದ.